ಹೊರಗೆ ಕಿಡಿ ಕಂಡರೆ ಸಾಲದು

ಹಳೆಯ ಬೈಕ್ ಸ್ಟಾರ್ಟ್ ಆಗದಿದ್ದಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದು ನೋಡುವುದು ಬಹುಕಾಲದಿಂದ ನಡೆದುಬಂದ ಪರೀಕ್ಷೆ. ಕಿಡಿ ಹಾರಿದ ಕೂಡಲೇ ಪ್ಲಗ್ ಸರಿಯಾಗಿದೆ ಎಂದು ತೀರ್ಮಾನಿಸಿ, ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಕಾರ್ಬುರೇಟರಿನ ಸ್ಕ್ರೂಗಳಿಗೆ ಕೈಹಾಕುವವರೇ ಹೆಚ್ಚು. ಈ ತೀರ್ಮಾನ ಎಷ್ಟೋ ಸಲ ತಪ್ಪಾಗಿರುತ್ತದೆ.

ಎರಡು ಎಲೆಕ್ಟ್ರೋಡ್‌ಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜ್ ಅವುಗಳ ಅಂತರವನ್ನಷ್ಟೇ ಅಲ್ಲ, ನಡುವಿನ ಅನಿಲದ ಒತ್ತಡವನ್ನೂ ಅವಲಂಬಿಸಿದೆ ಎಂಬುದನ್ನು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲಿಯೇ ತೋರಿಸಿದ್ದರು. ತೆರೆದ ಗಾಳಿಯಲ್ಲಿ 0.7 ಮಿಲಿಮೀಟರ್ ಅಂತರವನ್ನು ದಾಟಲು 3,000 ವೋಲ್ಟ್ ಆಸುಪಾಸು ಸಾಕು. ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿ ದಟ್ಟವಾಗಿಸಿದ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಅದೇ ಅಂತರಕ್ಕೆ 10,000 ವೋಲ್ಟಿಗೂ ಹೆಚ್ಚು ಬೇಕಾಗಬಹುದು. ಹಾಗಾಗಿ ಹೊರಗೆ ಕಂಡ ಕಿಡಿ, ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಮತ್ತು ವೈರು ಬದುಕಿವೆ ಎಂದಷ್ಟೇ ಹೇಳುತ್ತದೆ.

ಮಸಿ ಹಿಡಿದ ಪ್ಲಗ್ ಸೋಲುವುದು ಇಲ್ಲಿಯೇ. ನಡುವಿನ ಎಲೆಕ್ಟ್ರೋಡನ್ನು ಸುತ್ತಿರುವ ಬಿಳಿಯ ಪಿಂಗಾಣಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಆದರೆ ಅದರ ಮೇಲೆ ಕೂತ ಮಸಿ ಇಂಗಾಲವಾದ್ದರಿಂದ ಹರಿಯಗೊಡುತ್ತದೆ. ಕಾಯಿಲ್ ವೋಲ್ಟೇಜನ್ನು ಒಂದೇ ಏಟಿಗೆ ಕೊಡುವುದಿಲ್ಲ. ಸೆಕೆಂಡಿನ ಅತಿಸಣ್ಣ ಭಾಗವೊಂದರಲ್ಲಿ ಅದು ಏರುತ್ತ ಹೋಗಬೇಕು. ತಳ ತೂತಾದ ಬಿಂದಿಗೆಗೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟರೆ ಅದು ಅರ್ಧಕ್ಕೇರಿ ಅಲ್ಲೇ ನಿಲ್ಲುವಂತೆ, ಏರುತ್ತಿರುವ ವೋಲ್ಟೇಜ್ ಮಸಿಯ ದಾರಿಯಲ್ಲಿ ಲೋಹದ ಕವಚಕ್ಕೆ ಸೋರಿ ಕಿಡಿಯ ಮಟ್ಟವನ್ನು ಮುಟ್ಟುವುದೇ ಇಲ್ಲ. ತೆರೆದ ಗಾಳಿಗೆ ಅರ್ಧ ಸಾಕಾದ್ದರಿಂದ ಹೊರಗೆ ಕಿಡಿ ಕಾಣಿಸುತ್ತದೆ, ಒಳಗೆ ಎಂಜಿನ್ ಮಿಸ್ ಹೊಡೆಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಪ್ಲಗ್ಗನ್ನು ಒದ್ದೆಮಾಡಿ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಪಿಂಗಾಣಿಯ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ಡಿಗ್ರಿ ದಾಟಿದರೆ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದು ಹೊರಟು ಐದೇ ನಿಮಿಷದಲ್ಲಿ ನಿಲ್ಲಿಸುವ ಬೈಕಿನ ಪ್ಲಗ್ ಆ ಕೆಳಮಿತಿಯನ್ನೇ ಮುಟ್ಟದಿರಬಹುದು. ಅದಕ್ಕೆಂದು ಹೆಚ್ಚು ಬಿಸಿಯಾಗುವ ಜಾತಿಯ ಪ್ಲಗ್ ಹಾಕುವುದು ನನ್ನ ಮಟ್ಟಿಗೆ ರೋಗವನ್ನು ಮುಚ್ಚಿಡುವ ಕೆಲಸ. ಉಜ್ಜುಕಾಗದದಿಂದ ತಿಕ್ಕುವುದೂ ಬೇಡ: ಪಿಂಗಾಣಿಯಲ್ಲಿ ಬಿದ್ದ ಗೀರುಗಳು ಮುಂದಿನ ಮಸಿಗೆ ನೆಲೆ ಒದಗಿಸುತ್ತವೆ.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಬೇಕು. ತಿಳಿಕಂದು ಅಥವಾ ಬೂದುಗಂದು ಬಣ್ಣವಿದ್ದರೆ ಎಲ್ಲವೂ ಸರಿ. ಬೆರಳಿಗೆ ಅಂಟುವ ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ದುರ್ಬಲವಾಗಿದೆ. ಜಿಡ್ಡಾಗಿ ಹೊಳೆಯುವ ಕಪ್ಪು ಎಂಜಿನ್ ಆಯಿಲಿನದು. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಅದು ಸವೆದ ಪಿಸ್ಟನ್ ರಿಂಗುಗಳನ್ನೋ ವಾಲ್ವ್ ಸೀಲುಗಳನ್ನೋ ಸೂಚಿಸುತ್ತದೆಯೇ ಹೊರತು ಕಾರ್ಬುರೇಟರನ್ನಲ್ಲ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಪ್ಲಗ್ ಮಿತಿಮೀರಿ ಕಾದಿದೆ, ಪೆಟ್ರೋಲ್ ಕಡಿಮೆಯಾಗಿರುವ ಸಂಭವವೂ ಇದೆ. ಅದನ್ನು ಒಳ್ಳೆಯ ಮೈಲೇಜಿನ ಗುರುತೆಂದು ಹೆಮ್ಮೆಪಡುವವರು ಪಿಸ್ಟನ್ನಿಗೇ ತೂತು ಬೀಳುವ ದಾರಿಯಲ್ಲಿದ್ದಾರೆ.

ಗಾಳಿಯ ಹರಿವಿನ ಬಲದಿಂದಲೇ ಸಣ್ಣ ನಳಿಗೆಯೊಂದರ ಮೂಲಕ ಪೆಟ್ರೋಲನ್ನು ತುಂತುರಾಗಿ ಎಳೆದುಕೊಳ್ಳುವ ಕಾರ್ಬುರೇಟರನ್ನು ಹಂಗೆರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೋಂಕಾ, ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ 1893ರ ಆಸುಪಾಸಿನಲ್ಲಿ ಬೇರೆಬೇರೆಯಾಗಿ ರೂಪಿಸಿದರು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಒಂದೇ ನಳಿಗೆ ಎಲ್ಲ ವೇಗಗಳಲ್ಲೂ ಈ ಲೆಕ್ಕವನ್ನು ಕಾಯಲಾರದು, ಹಾಗಾಗಿ ಕೆಲಸ ಹಂಚಿಹೋಗಿದೆ. ಐಡ್ಲಿಂಗಿನಿಂದ (ಆಕ್ಸಿಲರೇಟರ್ ತಿರುಗಿಸದೆ ಎಂಜಿನ್ ನಿಧಾನವಾಗಿ ಓಡುವ ಸ್ಥಿತಿ) ಕಾಲುಭಾಗ ಥ್ರಾಟಲ್‌ವರೆಗೆ, ಅಂದರೆ ಆಕ್ಸಿಲರೇಟರ್ ಕಾಲುಭಾಗ ತಿರುಗುವವರೆಗೆ, ಪೈಲಟ್ ಜೆಟ್ಟು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಹಿತ್ತಾಳೆಯ ತುಣುಕು) ಮತ್ತು ಪೈಲಟ್ ಸ್ಕ್ರೂ, ಅಲ್ಲಿಂದ ಮುಕ್ಕಾಲರವರೆಗೆ ಸೂಜಿ, ಅದರಾಚೆಗೆ ಮೇನ್ ಜೆಟ್ ಮುಖ್ಯವಾಗುತ್ತವೆ. ಆದ್ದರಿಂದ ತೊಂದರೆ ಯಾವ ವೇಗದಲ್ಲಿ ಎನ್ನುವುದಕ್ಕಿಂತ ಥ್ರಾಟಲ್ ಎಷ್ಟು ತೆರೆದಾಗ ಎಂದು ಗಮನಿಸಬೇಕು. ಆ ಸ್ಥಾನದಲ್ಲೇ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ ಪ್ಲಗ್ ನೋಡಬೇಕು. ಐಡ್ಲಿಂಗಿನಲ್ಲಿ ಬಿಟ್ಟು ನೋಡಿದರೆ ಐಡ್ಲಿಂಗಿನ ಬಣ್ಣವೂ ಬೆರೆತುಬಿಡುತ್ತದೆ.

ಏರ್ ಫಿಲ್ಟರ್ ಕಟ್ಟಿಕೊಂಡಿರುವುದು, ಚೋಕ್ ಪೂರ್ತಿ ಹಿಂದಿರುಗದಿರುವುದು, ಕಾರ್ಬುರೇಟರಿನೊಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ವಾಲ್ವ್ ಸವೆದು ಪೆಟ್ರೋಲ್ ಉಕ್ಕುವುದು ಇವೆಲ್ಲ ಸ್ಕ್ರೂ ತಿರುಗಿಸುವ ಮೊದಲೇ ಪರಿಹಾರವಾಗಬೇಕು. ಕಟ್ಟಿಕೊಂಡ ಜೆಟ್ಟಿಗೆ ತಂತಿ ತೂರಿಸಬಾರದು. ಹಿತ್ತಾಳೆ ಮೆದು, 0.40 ಮಿಲಿಮೀಟರಿನ ರಂಧ್ರ 0.44ಕ್ಕೆ ಹಿಗ್ಗಿದರೆ ಅದರ ವಿಸ್ತೀರ್ಣ 21 ಶೇಕಡಾ ಹೆಚ್ಚುತ್ತದೆ, ಪ್ಲಗ್ ಮತ್ತೆ ಕಪ್ಪಾಗುತ್ತದೆ.

ಇನ್ನು ಪೈಲಟ್ ಸ್ಕ್ರೂ. ಅದು ಏರ್ ಫಿಲ್ಟರಿನ ಕಡೆಗಿದ್ದರೆ ಸಾಮಾನ್ಯವಾಗಿ ಗಾಳಿಯನ್ನು ನಿಯಂತ್ರಿಸುತ್ತದೆ, ಬಿಗಿದಷ್ಟೂ ಪೆಟ್ರೋಲಿನ ಪಾಲು ಹೆಚ್ಚು; ಎಂಜಿನ್ನಿನ ಕಡೆಗಿದ್ದರೆ ಮಿಶ್ರಣವನ್ನು ನಿಯಂತ್ರಿಸುತ್ತದೆ, ಸಡಿಲಿಸಿದಷ್ಟೂ ಪೆಟ್ರೋಲ್ ಹೆಚ್ಚು. ಎಂಜಿನ್ ಚೆನ್ನಾಗಿ ಕಾದ ಮೇಲೆ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ, ಪ್ರತಿಸಲ ಕೆಲವು ಕ್ಷಣ ಕಾಯುತ್ತ, ಶಬ್ದ ಅತ್ಯಂತ ಚುರುಕಾಗಿ ಸಮನಾಗುವ ಜಾಗವನ್ನು ಹುಡುಕಬೇಕು. ಬಳಿಕ ಥ್ರಾಟಲಿನ ಸ್ಕ್ರೂವಿನಿಂದ ಐಡ್ಲಿಂಗ್ ಇಳಿಸಬೇಕು. ಎಲ್ಲಿ ತಿರುಗಿಸಿದರೂ ಎಂಜಿನ್ ಬದಲಾಗದಿದ್ದರೆ ಪೈಲಟ್ ಜೆಟ್ ಕಟ್ಟಿರಬಹುದು, ಅಥವಾ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕುಬಿಟ್ಟು ಗಾಳಿ ಎಳೆಯುತ್ತಿರಬಹುದು.