ಬೆಳೆದದ್ದೆಲ್ಲ ಮುಳುಗುವುದಿಲ್ಲ: ದಕ್ಷಿಣ ಮಹಾಸಾಗರಕ್ಕೆ ಕಬ್ಬಿಣ ಸುರಿದ ಕಥೆ

2009ರ ಜನವರಿ ಮೊದಲ ವಾರ. ಜರ್ಮನಿಯ ಸಂಶೋಧನಾ ಹಡಗು ಪೋಲಾರ್‌ಸ್ಟರ್ನ್ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಹೊರಟಿತು. ಅದರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ತಂಡವಿತ್ತು. ಜೊತೆಗೆ ಟನ್‌ಗಟ್ಟಲೆ ಕಬ್ಬಿಣದ ಸಲ್ಫೇಟ್ ಇತ್ತು. ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಮಹಾಸಾಗರಕ್ಕೆ ಅದನ್ನು ಸುರಿಯುವ ಯೋಜನೆ. ಹಡಗು ದಾರಿಯಲ್ಲಿರುವಾಗಲೇ ಪರಿಸರ ಸಂಘಟನೆಗಳು ತಕರಾರು ತೆಗೆದವು. ಜರ್ಮನ್ ಸರ್ಕಾರ ಕೆಲಸ ನಿಲ್ಲಿಸಿ, ಪರಿಶೀಲನೆ ಮಾಡಿಸಿ, ತಿಂಗಳ ಕೊನೆಗೆ ಒಪ್ಪಿಗೆ ಕೊಟ್ಟಿತು. ಈ ಪ್ರಯೋಗದ ಹೆಸರು ಲೋಹಾಫೆಕ್ಸ್.

ಸಮುದ್ರಕ್ಕೆ ಯಾರಾದರೂ ಕಬ್ಬಿಣ ಯಾಕೆ ಹಾಕಬೇಕು? ಇದಕ್ಕೆ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1839ರಿಂದ 1843ರವರೆಗೆ ಬ್ರಿಟಿಷ್ ನಾವಿಕ ಜೇಮ್ಸ್ ರಾಸ್ ಅಂಟಾರ್ಕ್ಟಿಕಾ ಕಡೆ ಹಡಗು ನಡೆಸಿದಾಗ ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿಯೂ ಜೊತೆಗಿದ್ದರು. ಅಲ್ಲಿ ತೇಲುತ್ತಿದ್ದ ಮಂಜುಗಡ್ಡೆಗೆ ಅಲ್ಲಲ್ಲಿ ಕಂದು ಬಣ್ಣ ಹತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಡಯಾಟಮ್. ಅಂದರೆ ಒಂದೇ ಜೀವಕೋಶದ ಪಾಚಿ, ಮೈಸುತ್ತ ಸಿಲಿಕಾದ, ಅಂದರೆ ಗಾಜಿನಂಥ ವಸ್ತುವಿನ ಚಿಪ್ಪು. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ಇದೇ ದಕ್ಷಿಣದ ನೀರಿನ ತಳದಿಂದ ಕೆಸರು ಎತ್ತಿತು. ಅದರ ತುಂಬ ಇವೇ ಖಾಲಿ ಚಿಪ್ಪುಗಳು. ಮೇಲೆ ಬದುಕಿದ್ದು ಕೆಳಗೆ ಬಂದು ಬಿದ್ದಿದೆ ಎಂಬುದು ಅಷ್ಟರಲ್ಲೇ ಗೊತ್ತಾಯಿತು. ಅದರ ಜೊತೆ ಇಂಗಾಲವೂ ಇಳಿಯುತ್ತದೆ ಎಂಬುದರ ಮಹತ್ವ ಅರ್ಥವಾಗಲು ಇನ್ನೂ ನೂರು ವರ್ಷ ಬೇಕಾಯಿತು.

ಪ್ಲಾಂಕ್ಟನ್ ಪಾಚಿ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಬಿಸಿಲಿನಲ್ಲಿ, ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಬಳಸಿ ಬೆಳೆಯುತ್ತದೆ. ಅದರ ಬಹುಪಾಲನ್ನು ಪುಟ್ಟ ಪ್ರಾಣಿಗಳು, ಬ್ಯಾಕ್ಟೀರಿಯಾಗಳು ಮೇಲ್ಪದರದಲ್ಲೇ ತಿಂದು ಮುಗಿಸುತ್ತವೆ. ಆಗ ಇಂಗಾಲ ವಾಪಸ್ ನೀರಿಗೆ, ಅಲ್ಲಿಂದ ಗಾಳಿಗೆ. ಸ್ವಲ್ಪ ಭಾಗ ಮಾತ್ರ ಕೆಳಗಿಳಿಯುತ್ತದೆ. ಒಂಟಿ ಡಯಾಟಮ್ ದಿನಕ್ಕೆ ಸುಮಾರು ಒಂದು ಮೀಟರ್ ಇಳಿದರೆ ಹೆಚ್ಚು. ಹಾಗೆ ಹೋದರೆ ತಳ ಮುಟ್ಟಲು ವರ್ಷಗಳೇ ಬೇಕು, ಅಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಪೋಷಕಾಂಶ ಮುಗಿದಾಗ ಡಯಾಟಮ್‌ಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗುತ್ತವೆ. ಆ ಗಂಟುಗಳು ದಿನಕ್ಕೆ ನೂರು ಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ ವೇಗದಲ್ಲಿ ಇಳಿಯುತ್ತವೆ. ಕ್ರಿಲ್ ಎಂಬ ಸೀಗಡಿಯಂಥ ಜೀವಿಯ ಹಿಕ್ಕೆಯೂ ಹೀಗೇ ಬೇಗ ಇಳಿಯುತ್ತದೆ. ಸಾವಿರ ಮೀಟರ್ ದಾಟಿತೋ, ಆ ಇಂಗಾಲ ಸಾಮಾನ್ಯವಾಗಿ ನೂರಾರು ವರ್ಷ ಗಾಳಿಗೆ ಮರಳುವುದಿಲ್ಲ. ವಿಜ್ಞಾನಿಗಳು ಇದನ್ನು ಜೈವಿಕ ಪಂಪ್ ಎನ್ನುತ್ತಾರೆ. ಇದು ನಿಂತರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಸುಮಾರು 200 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂಬ ಅಳತೆ) ಏರಬಹುದು ಎಂಬ ಅಂದಾಜಿದೆ. ಈಗಿರುವುದು 420ರ ಮೇಲೆ.

ದಕ್ಷಿಣ ಮಹಾಸಾಗರದಲ್ಲಿ ಈ ಪಂಪ್ ಅರ್ಧಂಬರ್ಧ ಓಡುತ್ತದೆ. ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶಗಳು ಬೇಕಾದಷ್ಟಿದ್ದರೂ ಪಾಚಿ ಕಡಿಮೆ. ಕಬ್ಬಿಣದ ಕೊರತೆ ಇರಬಹುದು ಎಂದು ನಾರ್ವೆಯ ವಿಜ್ಞಾನಿ ಗ್ರಾನ್ 1930ರ ದಶಕದಲ್ಲೇ ಊಹಿಸಿದ್ದರು. ಆದರೆ ಪರೀಕ್ಷಿಸುವುದು ಹೇಗೆ? ನೀರು ಎತ್ತುವ ಹಡಗೇ ಕಬ್ಬಿಣದ್ದು! ಅದರ ತುಕ್ಕು ಸೇರಿ ಲೆಕ್ಕವೆಲ್ಲ ಕೆಡುತ್ತಿತ್ತು. ಕ್ಯಾಲಿಫೋರ್ನಿಯಾದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ 1980ರ ದಶಕದಲ್ಲಿ ಅತಿ ಶುಚಿಯಾಗಿ ಮಾದರಿ ತೆಗೆಯುವ ವಿಧಾನ ಬಳಸಿ, ಕೊರತೆ ನಿಜ ಎಂದು ತೋರಿಸಿದರು. ಹಿಮಯುಗಗಳಲ್ಲಿ ಕಬ್ಬಿಣ ತುಂಬಿದ ಧೂಳು ಜಾಸ್ತಿ ಹಾರುತ್ತಿತ್ತು, ಕಾರ್ಬನ್ ಡೈಆಕ್ಸೈಡ್ ಕಡಿಮೆ ಇತ್ತು ಎಂಬುದನ್ನೂ ಜೋಡಿಸಿದರು. ಅರ್ಧ ಟ್ಯಾಂಕರ್ ಕಬ್ಬಿಣ ಕೊಡಿ, ಹಿಮಯುಗ ತಂದುಕೊಡುತ್ತೇನೆ ಎಂದು 1988ರಲ್ಲಿ ಅರ್ಧ ತಮಾಷೆಗೆ ಅಂದರು. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡವರೇ ಹೆಚ್ಚು. ಸಾಗರದ ಮೊದಲ ಪ್ರಯೋಗ ನಡೆದ 1993ರಲ್ಲೇ ಮಾರ್ಟಿನ್ ತೀರಿಕೊಂಡರು.

ದಕ್ಷಿಣ ಮಹಾಸಾಗರದ ಮೊದಲ ಪ್ರಯೋಗ 1999ರ ಸಾಯಿರಿ. ಪಾಚಿ ಚೆನ್ನಾಗಿ ಬೆಳೆಯಿತು, ಉಪಗ್ರಹಕ್ಕೂ ಕಂಡಿತು. ಆದರೆ ವಿಜ್ಞಾನಿಗಳು ಅಲ್ಲಿದ್ದ ಎರಡು ವಾರದಲ್ಲಿ ಹೆಚ್ಚೇನೂ ಮುಳುಗಲಿಲ್ಲ. 2004ರ ಐಫೆಕ್ಸ್‌ನವರು ಜಾಣತನ ಮಾಡಿದರು. ನೀರು ಚೆದುರದ ಒಂದು ದೊಡ್ಡ ಸುಳಿಯನ್ನು ಆರಿಸಿಕೊಂಡು ಐದು ವಾರ ಅಲ್ಲೇ ಕಾದರು. ಡಯಾಟಮ್‌ಗಳು ಬೆಳೆದು, ಸತ್ತು, ಅಂಟಿಕೊಂಡು ಇಳಿದವು. ಬೆಳೆದದ್ದರಲ್ಲಿ ಕನಿಷ್ಠ ಅರ್ಧದಷ್ಟು ಭಾಗ, ಸಾವಿರ ಮೀಟರ್‌ಗಿಂತ ಕೆಳಗೆ ಹೋಯಿತು ಎಂದು 2012ರಲ್ಲಿ ಪ್ರಕಟವಾಯಿತು.

ಲೋಹಾಫೆಕ್ಸ್‌ನಲ್ಲಿ ಆಗಿದ್ದೇ ಬೇರೆ. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬಿತ್ತು, ಪಾಚಿಯೂ ಬೆಳೆಯಿತು. ಆದರೆ ಆ ನೀರಿನಲ್ಲಿದ್ದ ಸಿಲಿಕಾವನ್ನು ಮೊದಲೇ ಬೆಳೆದಿದ್ದ ಡಯಾಟಮ್‌ಗಳು ಖಾಲಿ ಮಾಡಿದ್ದವು. ಹಾಗಾಗಿ ಚಿಪ್ಪಿಲ್ಲದ ಪುಟ್ಟ ಪಾಚಿಗಳೇ ಬೆಳೆದವು. ಅವನ್ನು ಸೀಗಡಿಯ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು ತಿಂದವು, ಕೋಪೆಪಾಡ್‌ಗಳನ್ನು ಅವಕ್ಕಿಂತ ದೊಡ್ಡ ಆಂಫಿಪಾಡ್‌ಗಳು ತಿಂದವು. ಆಳಕ್ಕೆ ಹೋದ ಇಂಗಾಲ ಬಹಳ ಕಡಿಮೆ. ನನ್ನ ಪ್ರಕಾರ ಈ ಸರಣಿಯಲ್ಲಿ ಜಾಸ್ತಿ ಕಲಿಸಿದ್ದು ಇದೇ. ಆ ಹೊತ್ತಿಗೆ ಕಬ್ಬಿಣ ಸುರಿದು ಕಾರ್ಬನ್ ಕ್ರೆಡಿಟ್ (ಇಷ್ಟು ಇಂಗಾಲ ತಗ್ಗಿಸಿದ್ದೇವೆ ಎಂಬ ಮಾರಾಟದ ಪತ್ರ) ಮಾರುವ ಆಸೆ ಕೆಲವು ಕಂಪನಿಗಳಿಗೆ ಹುಟ್ಟಿತ್ತು. ಹಾಕಿದ ಕಬ್ಬಿಣಕ್ಕೆ ಇಷ್ಟು ಇಂಗಾಲ ಅಂತ ಸುಮ್ನೆ ಗುಣಾಕಾರ ಮಾಡಲು ಬರುವುದಿಲ್ಲ ಎಂದು ಗೊತ್ತಾಯಿತು. ಯಾವ ಪಾಚಿ ಬೆಳೆಯಿತು, ಅದನ್ನು ಯಾರು ತಿಂದರು ಎಂಬುದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಕಬ್ಬಿಣ ಬರುವ ರೀತಿಯೂ ಮುಖ್ಯ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿರುವ ಕರ್ಗೆಲೆನ್ ದ್ವೀಪಗಳ ಬಳಿ ಮುಳುಗಿದ ಪ್ರಸ್ಥಭೂಮಿಯಿಂದ ಕಬ್ಬಿಣ ತಾನಾಗಿಯೇ, ನಿಧಾನವಾಗಿ ಮೇಲೆ ಬರುತ್ತದೆ. 2005ರಲ್ಲಿ ಫ್ರೆಂಚ್ ತಂಡ ಅಳೆದಾಗ, ಅಲ್ಲಿ ಸಿಗುವ ಪ್ರತಿ ಪಾಲು ಕಬ್ಬಿಣಕ್ಕೆ ಇಳಿಯುವ ಇಂಗಾಲ ಮನುಷ್ಯರು ಸುರಿದಾಗಿನ ಅಂದಾಜಿಗಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು.

ಉತ್ತರ ಧ್ರುವದಲ್ಲಿ ಇನ್ನೊಂದು ಬಗೆ. 2012ರ ಬೇಸಿಗೆಯಲ್ಲಿ ಆರ್ಕ್ಟಿಕ್ ಹಿಮ ದಾಖಲೆ ಮಟ್ಟಕ್ಕೆ ಕುಗ್ಗಿತ್ತು. ಅದೇ ಪೋಲಾರ್‌ಸ್ಟರ್ನ್‌ನಲ್ಲಿ ಹೋದ ಜರ್ಮನ್ ವಿಜ್ಞಾನಿ ಆಂಟ್ಯೆ ಬೊಯೆಟಿಯಸ್ ಅವರ ತಂಡ ಸುಮಾರು 4000 ಮೀಟರ್ ಆಳದ ತಳದಲ್ಲಿ ಮೆಲೊಸೈರಾ ಎಂಬ ಡಯಾಟಮ್‌ನ ಗಂಟುಗಳನ್ನು ಕಂಡಿತು. ಇವು ಮಂಜಿನ ಅಡಿಭಾಗಕ್ಕೆ ಜೋತುಬಿದ್ದು ಬೆಳೆಯುವಂಥವು. ಮಂಜು ತೆಳುವಾಗಿ ಬೆಳಕು ಸಿಕ್ಕಿ ಬೆಳೆದಿದ್ದವು, ಅದು ಕರಗಿದಾಗ ನೇರ ಕೆಳಗೆ ಬಿದ್ದಿದ್ದವು. ತಳದಲ್ಲಿ ಸಮುದ್ರ ಸೌತೆ ಎಂಬ ಪ್ರಾಣಿಗಳು ಅವನ್ನು ಮೇಯುತ್ತಿದ್ದವು.

ಕಬ್ಬಿಣ ಸುರಿಯುವುದನ್ನು ನಿಯಂತ್ರಿಸಲು, ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಲಂಡನ್ ಪ್ರೋಟೋಕಾಲ್‌ಗೆ 2013ರಲ್ಲಿ ತಿದ್ದುಪಡಿ ತಂದರು. ಅದು ಜಾರಿಯಾಗಲು ಬೇಕಾದಷ್ಟು ದೇಶಗಳ ಸಹಿ 2024ರ ಹೊತ್ತಿಗೂ ಬಿದ್ದಿರಲಿಲ್ಲ. ಈ ನಡುವೆ, 2014ರಿಂದ ದಕ್ಷಿಣ ಮಹಾಸಾಗರಕ್ಕೆ ತೇಲುಯಂತ್ರಗಳನ್ನು ಬಿಡುತ್ತಿದ್ದಾರೆ. ಅವು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆದ್ದು ಆಮ್ಲಜನಕ, ನೈಟ್ರೇಟ್, ಆಮ್ಲೀಯತೆಯ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸುತ್ತವೆ. ಹಡಗುಗಳು ಹೋಗಲು ಹೆದರುವ ಚಳಿಗಾಲದ ತಿಂಗಳುಗಳಲ್ಲೂ.