ಬೀಗ ಶೆಡ್ಡಿಗೆ, ಕಳ್ಳನ ಕಣ್ಣು ಕೇಬಲ್ಲಿಗೆ

ತೋಟದಲ್ಲಿ ಪಂಪ್‌ಸೆಟ್ ಕಳುವಾಯಿತು ಎಂದು ಬರುವ ಕರೆಗಳಲ್ಲಿ ಹೆಚ್ಚಿನವು ನಿಜವಾಗಿ ಪಂಪಿನ ಕಳವಲ್ಲ, ಕೇಬಲ್ಲಿನ ಕಳವು. ಕೊಳವೆಬಾವಿಯ ಆಳದಲ್ಲಿರುವ ಮೋಟಾರನ್ನು ಎತ್ತಲು ಜನ ಬೇಕು, ಹೊತ್ತು ಬೇಕು, ಗಾಡಿ ಬೇಕು. ಮೋಟಾರನ್ನು ಚಾಲೂ ಮಾಡುವ ಪೆಟ್ಟಿಗೆಯಾದ ಸ್ಟಾರ್ಟರಿನಿಂದ ಬಾವಿಯ ಬಾಯಿಯವರೆಗೆ ನೆಲದ ಮೇಲೆ ಬಿದ್ದಿರುವ ಕೇಬಲ್ಲಿಗಾದರೆ ಒಂದು ಕಟ್ಟರ್ ಮತ್ತು ಒಂದು ಗೋಣಿಚೀಲ ಸಾಕು. ಹಿರಿಯೂರು, ಸಿರಾ ಕಡೆಯ ಅಡಿಕೆ ಮತ್ತು ತೆಂಗಿನ ತೋಟಗಳಿಗೆ ಮೋಟಾರು ಇಳಿಸುವುದು, ವೈರಿಂಗ್ ಮಾಡುವುದು, ಸುಟ್ಟದ್ದಕ್ಕೆ ವೈಂಡಿಂಗ್ ಮಾಡುವುದು ನನ್ನ ವೃತ್ತಿ. ರೈತರು ಕಾವಲಿಗೆಂದು ಖರ್ಚು ಮಾಡುವ ಹಣ ಬಹಳ ಸಲ ಕಳ್ಳ ಮುಟ್ಟದ ಜಾಗಕ್ಕೇ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅದಕ್ಕಾಗಿಯೇ ಈ ಬಾರಿಯ ಅಂಕಣ.

ಕಳ್ಳನಿಗೆ ಬೇಕಾದದ್ದು ತಾಮ್ರದ ತೂಕ. 4 ಚದರ ಮಿಲಿಮೀಟರಿನ ಮೂರು ಎಳೆಯ ಚಪ್ಪಟೆ ಕೇಬಲ್ ತೆಗೆದುಕೊಳ್ಳಿ. ಒಂದು ಮೀಟರಿನಲ್ಲಿ ಸುಮಾರು 107 ಗ್ರಾಂ ತಾಮ್ರ ಇರುತ್ತದೆ. ಸ್ಟಾರ್ಟರಿಗೂ ಬಾವಿಗೂ 60 ಮೀಟರ್ ದೂರವಿದ್ದರೆ ಆರು ಕಿಲೋಗಿಂತ ಹೆಚ್ಚು. ಊರಾಚೆಯ ಹಳ್ಳದಲ್ಲಿ ಮೇಲಿನ ಹೊದಿಕೆಯನ್ನು ಸುಟ್ಟುಬಿಟ್ಟರೆ ಉಳಿಯುವ ತಂತಿ ಯಾರ ತೋಟದ್ದೆಂದು ಯಾರೂ ಹೇಳಲಾರರು. ಗುಜರಿಯಲ್ಲಿ ಅದನ್ನು ತೂಗಿ ಹಣ ಎಣಿಸಿ ಕೊಡುತ್ತಾರೆ. ರೈತನ ನಷ್ಟ ಆ ಹಣದ ಎಷ್ಟೋ ಪಟ್ಟು. ಹೊಸ ಕೇಬಲ್ಲು, ಕೂಲಿ, ಅದಕ್ಕಿಂತ ಹೆಚ್ಚಾಗಿ ಏಪ್ರಿಲ್ ಬಿಸಿಲಿನಲ್ಲಿ ನೀರಿಲ್ಲದೆ ಕಳೆದ ದಿನಗಳು. ಅಡಿಕೆ ಸಸಿ ಯಾವ ವಿಮೆಗೂ ಕಾಯುವುದಿಲ್ಲ.

ಕಳ್ಳತನಕ್ಕೆ ಹೊತ್ತು ಗೊತ್ತುಮಾಡಿಕೊಡುವುದು ನಮ್ಮ ವಿದ್ಯುತ್ತಿನ ವೇಳಾಪಟ್ಟಿ. ಕೃಷಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬ ಲೆಕ್ಕ ಊರಿಗೆಲ್ಲ ಗೊತ್ತು. ಈ ವಾರ ಯಾವ ಬ್ಯಾಚು ಎಂಬುದೂ ಟೀ ಅಂಗಡಿಯಲ್ಲಿ ಗೊತ್ತು. ತ್ರೀ ಫೇಸ್ ಹೋದ ಮೇಲೆ ಕೇಬಲ್ಲಿಗೆ ಕಟ್ಟರ್ ಹಾಕಲು ಕಳ್ಳ ಹೆದರಬೇಕಾಗಿಲ್ಲ. ಸೌರ ವಿದ್ಯುತ್ ತರುವ ಲೈನುಗಳು, ಅಂದರೆ ಸೌರ ಫೀಡರುಗಳು ಬಂದ ಕಡೆ ಹಗಲಿನಲ್ಲೇ ವಿದ್ಯುತ್ ಸಿಗುತ್ತಿದೆ. ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವ ಕಷ್ಟ ತಪ್ಪಿದ್ದು ದೊಡ್ಡ ಸಮಾಧಾನ. ಆದರೆ ಅಂಥ ಕಡೆ ಇಡೀ ರಾತ್ರಿ ತೋಟದಲ್ಲಿ ಮನುಷ್ಯರೂ ಇರುವುದಿಲ್ಲ, ತಂತಿಯಲ್ಲಿ ಕರೆಂಟೂ ಇರುವುದಿಲ್ಲ. ಕಾವಲಿನ ಏರ್ಪಾಡು ಈ ಹೊತ್ತಿಗೆ ಹೊಂದಬೇಕು.

ಕಳೆದ ಬೇಸಿಗೆಯಲ್ಲಿ ಒಂದು ತೋಟಕ್ಕೆ ಹೋಗಿದ್ದೆ. ಶೆಡ್ಡಿನ ಬಾಗಿಲಿಗೆ ಎರಡು ಒಳ್ಳೆಯ ಬೀಗಗಳು, ಎರಡೂ ಹಾಗೇ ಇದ್ದವು. "ಎರಡೆರಡು ಬೀಗ ಹಾಕಿದ್ದೆನಲ್ಲಪ್ಪ, ಮತ್ತೆ ಹೇಗೆ ಹೋಯಿತು?" ಎಂದು ಯಜಮಾನರು ಕೇಳಿದರು. ಶೆಡ್ಡಿನ ಗೋಡೆಯ ತೂತಿನಿಂದ ಹೊರಗೆ ಚಾಚಿದ್ದ ಗೇಣುದ್ದದ ಕೇಬಲ್ ತುಂಡನ್ನು ತೋರಿಸಿದೆ. ತುದಿ ನುಣ್ಣಗೆ ಚಪ್ಪಟೆಯಾಗಿತ್ತು, ಒಂದೇ ಅದುಮಿಗೆ ಕತ್ತರಿಸಿದ ಗುರುತು. ಬಾವಿಯ ಕಡೆಯ ತುದಿಯೂ ಹಾಗೆಯೇ ಇತ್ತು. ನಡುವೆ ಇದ್ದದ್ದು ಕಳೆಯ ಸಾಲಿನಲ್ಲಿ ಕೇಬಲ್ ಮಲಗಿದ್ದ ಬಿಳಿಚಿದ ಗೆರೆ ಮಾತ್ರ. ಕಳ್ಳ ಬಾಗಿಲಿನ ಹತ್ತಿರಕ್ಕೂ ಹೋಗಿರಲಿಲ್ಲ.

ಆದ್ದರಿಂದ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಮೊದಲು ಆ ಗೆರೆಯ ಮೇಲೆ ಹಾಕಿ. ಕೇಬಲ್ಲನ್ನು ಮುಕ್ಕಾಲು ಮೀಟರ್ ಆಳಕ್ಕೆ ಹೂಳಿಸಿ. ಅಷ್ಟು ಆಳಕ್ಕೆ ನೇಗಿಲು ತಾಗುವುದಿಲ್ಲ, ರಾತ್ರಿ ಅಗೆಯುತ್ತಾ ಕೂರಲು ಕಳ್ಳನಿಗೂ ಪುರುಸೊತ್ತಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹೂಳುವಾಗ ಉದ್ದಕ್ಕೂ ಪಿವಿಸಿ ಪೈಪು ಹಾಕಿ ಅದರೊಳಗೆ ಕೇಬಲ್ ತೂರಿಸುವುದು ನಮ್ಮಲ್ಲಿ ರೂಢಿ. ನೇರವಾದ ನುಣುಪು ಪೈಪಿನಲ್ಲಿರುವ ಕೇಬಲ್ಲಿನ ಎರಡೂ ತುದಿ ಕತ್ತರಿಸಿ ಎಳೆದರೆ ಲಾಡಿಯಂತೆ ಜಾರಿ ಬರುತ್ತದೆ. ಹೂಳಿದ ಶ್ರಮವೆಲ್ಲ ಕಳ್ಳನಿಗೆ ಅನುಕೂಲವಾಗುತ್ತದೆ. ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ತಂದು, ಚರಂಡಿಯಲ್ಲಿ ಮರಳು ಹಾಸಿ, ಕೇಬಲ್ಲನ್ನು ಹಾವಿನ ನಡೆಯಂತೆ ಅಂಕುಡೊಂಕಾಗಿ ಮಲಗಿಸಿ, ಮೇಲೆ ಮತ್ತೆ ಮರಳು, ಇಟ್ಟಿಗೆ ಸಾಲು, ಆಮೇಲೆ ಮಣ್ಣು ಹಾಕಬೇಕು. ಪೈಪು ಬೇಕಾದದ್ದು ನೆಲದಿಂದ ಮೇಲೇಳುವ ಎರಡು ತುದಿಗಳಿಗೆ ಮಾತ್ರ. ಅಲ್ಲಿ ಸತು ಲೇಪಿಸಿದ ಕಬ್ಬಿಣದ ಜಿಐ ಪೈಪು ಹಾಕಿ ಬುಡಕ್ಕೆ ಕಾಂಕ್ರೀಟ್ ಸುರಿಯಿರಿ. ಕವಚಕ್ಕೆ ಅರ್ತಿಂಗ್ ಕೊಡುವುದನ್ನು ಮರೆಯಬೇಡಿ.

ಹೂಳುವ ಭಾಗಕ್ಕೆ ತಾಮ್ರವೇ ಬೇಕೆಂದಿಲ್ಲ. ಬಾವಿಯೊಳಗೆ ನೀರಿನಲ್ಲಿ ಮುಳುಗುವ ಕೇಬಲ್ ತಾಮ್ರದ್ದೇ ಇರಲಿ. ನೆಲದ ಭಾಗದಲ್ಲಿ 4 ಚದರ ಮಿಲಿಮೀಟರ್ ತಾಮ್ರದ ಬದಲು 10ರ ಅಲ್ಯೂಮಿನಿಯಂ ಹಾಕಿದರೆ ವೋಲ್ಟೇಜಿಗೆ ಕೊರತೆಯಾಗುವುದಿಲ್ಲ. ದೂರ ಬಹಳವಿದ್ದರೆ ಗಾತ್ರವನ್ನು ಲೆಕ್ಕ ಹಾಕಿಸಿಕೊಳ್ಳಿ. ಗುಜರಿಯಲ್ಲಿ ಅಲ್ಯೂಮಿನಿಯಮ್ಮಿನ ಬೆಲೆ ತಾಮ್ರದ ಹತ್ತಿರಕ್ಕೂ ಬರುವುದಿಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಗದಲ್ಲಿ ಮಾತ್ರ ಕೈಯಲ್ಲಿ ತಿರುಚಿ ಟೇಪು ಸುತ್ತಬೇಡಿ. ಆ ಜಾಯಿಂಟು ಬಿಸಿಯಾಗಿ ಕಿಲುಬು ಹಿಡಿದು ಒಂದು ಫೇಸ್ ಕೈಕೊಡುತ್ತದೆ, ಮೋಟಾರು ಸುಡುತ್ತದೆ. ಎರಡು ಲೋಹಕ್ಕೆಂದೇ ಬರುವ ಬೈಮೆಟಲ್ ಲಗ್ಗುಗಳನ್ನು ಒತ್ತಿಸಿ ಮುಚ್ಚಿದ ಪೆಟ್ಟಿಗೆಯೊಳಗೆ ಜೋಡಿಸಿ.

ಬಾವಿಯ ಬಾಯಿಯ ವಿಷಯ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪಿನಲ್ಲಿ ಮೋಟಾರು ಇಳಿಸಿದ್ದರೆ, ಆಳ ಕಡಿಮೆಯಿರುವ ಕಡೆ ನಾಲ್ಕು ಜನ ಕೈಯಲ್ಲೇ ಎಳೆದುಬಿಡಬಹುದು. ಕೇಸಿಂಗ್ ಎಂಬ ಬಾವಿಯ ಹೊರಕೊಳವೆಯ ಮೇಲೆ ಪೈಪನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟುಗಳು ಸಾಮಾನ್ಯ ಸ್ಪ್ಯಾನರಿಗೆ ಬಿಚ್ಚಿಕೊಳ್ಳುತ್ತವೆ. ನಟ್ ಬಿಗಿದ ಮೇಲೆ ಹೊರಗೆ ಉಳಿಯುವ ಬೋಲ್ಟಿನ ಮರೆಯನ್ನು (ಥ್ರೆಡ್) ಸುತ್ತಿಗೆಯಿಂದ ಬಡಿದು ಕೆಡಿಸಿ, ಇಲ್ಲವೇ ಒಂದು ಚುಕ್ಕೆ ವೆಲ್ಡಿಂಗ್ ಇಡಿಸಿ. ನಾಳೆ ಮೋಟಾರು ಎತ್ತಬೇಕಾದಾಗ ಗ್ರೈಂಡರಿನಿಂದ ಕತ್ತರಿಸಿದರಾಯಿತು, ಹೋಗುವುದು ಎರಡು ಬೋಲ್ಟಿನ ಬೆಲೆ. ಕೃಷ್ಣೆ, ತುಂಗಭದ್ರೆ, ಮಲಪ್ರಭೆಯ ದಂಡೆಯಲ್ಲಿ ಮೋಟಾರು ಇಟ್ಟವರ ಪಾಡು ಬೇರೆ. ಅಲ್ಲಿ ಮೋಟಾರು ಬಯಲಿನಲ್ಲೇ ಇರುತ್ತದೆ, ಕೇಬಲ್ಲು ಬಹಳ ಉದ್ದ, ನೀರು ಏರಿದಾಗ ಇಳಿದಾಗ ಎಲ್ಲವನ್ನೂ ಸರಿಸಬೇಕು, ಹೂಳಲು ಆಗುವುದಿಲ್ಲ. ಅಕ್ಕಪಕ್ಕದ ಏಳೆಂಟು ರೈತರು ಸೇರಿ ಸರದಿಯಲ್ಲಿ ಕಾಯುವುದನ್ನು ಬಿಟ್ಟರೆ ಅಲ್ಲಿಗೆ ಬೇರೆ ದಾರಿ ನನಗೆ ಕಂಡಿಲ್ಲ.

ಇನ್ನು ಕೂಗುವ ಏರ್ಪಾಡು. ಕೇಬಲ್ಲಿನ ಜೊತೆಗೇ ಒಂದು ತೆಳುವಾದ ಜೋಡಿ ತಂತಿಯನ್ನು ಕಟ್ಟಿ, ಅದರ ಮೂಲಕ 12 ವೋಲ್ಟಿನ ಬ್ಯಾಟರಿಯ ಸಣ್ಣ ಕರೆಂಟು ಸದಾ ಸುತ್ತುವಂತೆ ಮಾಡಬಹುದು. ಕೇಬಲ್ ಕತ್ತರಿಸಿದರೆ ಈ ತಂತಿಯೂ ತುಂಡಾಗುತ್ತದೆ, ಕರೆಂಟು ನಿಂತೊಡನೆ ರಿಲೇ ಎಂಬ ಸ್ವಿಚ್ಚು ಬಿಡುತ್ತದೆ, ಸೈರನ್ ಕೂಗುತ್ತದೆ. ಊರಿನ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಜೋಡಿಸಿಕೊಡಬಹುದು. ಸೈರನ್ನನ್ನು ಶೆಡ್ಡಿನೊಳಗೆ ಇಡಬೇಡಿ, ಕೈಗೆಟುಕದ ಎತ್ತರದಲ್ಲಿ, ಮನೆಗಳಿರುವ ದಿಕ್ಕಿಗೆ ಮುಖ ಮಾಡಿ ಇಡಿ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರುಗಳ ಕೆಲವು ಮಾದರಿಗಳಲ್ಲಿ ಕೇಬಲ್ ಕಡಿದಾಗ ಫೋನಿಗೆ ಕರೆ ಬರುವ ಸೌಲಭ್ಯವೂ ಇದೆ. ಕೊಳ್ಳುವಾಗ ಅದನ್ನು ಅಂಗಡಿಯಲ್ಲೇ ಪರೀಕ್ಷಿಸಿ ನೋಡಿ. ಕರೆ ಬರುವ ಸಂಖ್ಯೆ ಊರಿನಲ್ಲೇ ಮಲಗುವ ಒಬ್ಬರದ್ದಾಗಿರಲಿ. ಮಗ ಬೆಂಗಳೂರಿನಲ್ಲಿದ್ದರೆ ಅವನ ಫೋನು ಕೂಗಿ ಏನು ಫಲ?

ಕ್ಯಾಮೆರಾ, ಸೌರದೀಪ, ನಾಯಿ ಎಲ್ಲವೂ ಒಳ್ಳೆಯವೇ, ಆದರೆ ಎರಡನೆಯ ಸಾಲಿನವು. ಕ್ಯಾಮೆರಾವನ್ನು ಆಳೆತ್ತರದಲ್ಲಿ ಇಟ್ಟರೆ ಅದೇ ಮೊದಲು ಹೋಗುತ್ತದೆ. ಬೀಗದಲ್ಲಿ ನೋಡಬೇಕಾದದ್ದು ಬೀಗವನ್ನಲ್ಲ, ಅದು ಕೂರುವ ಚಿಲಕವನ್ನು. ಸ್ಕ್ರೂ ಹಾಕಿದ ಚಿಲಕವನ್ನು ಒಂದು ಹಾರೆ ಮೀಟಿ ತೆಗೆಯುತ್ತದೆ. ಒಳಗಿನಿಂದ ನಟ್ ಬಿಗಿದ ಬೋಲ್ಟು ಹಾಕಿಸಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಕೀಲಿನ ಮೊಳೆಗೂ ವೆಲ್ಡಿಂಗ್ ಬೇಕು. ಕಳೆ ಕತ್ತರಿಸುವ ಯಂತ್ರ, ಚೈನ್ ಗರಗಸ, ಔಷಧಿ ಸಿಂಪಡಿಸುವ ಪಂಪು, ಟ್ರಾಕ್ಟರಿನ ಬ್ಯಾಟರಿ ಇವು ಸಂಜೆ ಮನೆಗೆ ಬರಲಿ. ಸ್ಪ್ರಿಂಕ್ಲರಿನ ಹಿತ್ತಾಳೆ ನಾಜಲ್ಲುಗಳನ್ನು ಬಿಟ್ಟು ಪ್ಲಾಸ್ಟಿಕ್ಕಿನವನ್ನು ಹಾಕಿ.

ಒಂದನ್ನು ಮಾತ್ರ ಮಾಡಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಳ್ಳರಿಗೆ ಬುದ್ಧಿ ಕಲಿಸಲು ಬೇಲಿಗೋ ಸ್ಟಾರ್ಟರ್ ಪೆಟ್ಟಿಗೆಗೋ ಕರೆಂಟು ಬಿಡುವವರಿದ್ದಾರೆ. "ಬರೀ ಒಂದು ಫೇಸ್ ಬಿಟ್ಟುಕೊಡಿ ಸಾಕು" ಎಂದು ನನ್ನನ್ನೇ ಕೇಳಿದವರಿದ್ದಾರೆ, ನಾನು ಆ ಕೆಲಸ ಮುಟ್ಟುವುದಿಲ್ಲ. ಆ ಬೇಲಿಯನ್ನು ಮೊದಲು ಮುಟ್ಟುವುದು ಕಳ್ಳನಲ್ಲ. ದನ ಹುಡುಕಿಕೊಂಡು ಬಂದ ಪಕ್ಕದ ಮನೆಯ ಹುಡುಗ, ಮುಂಜಾನೆ ಹೂ ಕೀಳಲು ಬಂದ ಹೆಂಗಸು, ಮರೆತು ಕೈಯಿಟ್ಟ ನಿಮ್ಮದೇ ಮನೆಯವರು. ಒದ್ದೆ ನೆಲದಲ್ಲಿ ನಿಂತವರಿಗೆ 230 ವೋಲ್ಟು ಬದುಕುವ ಅವಕಾಶ ಕೊಡುವುದಿಲ್ಲ. ಜೀವ ಹೋದರೆ ಅದು ಭಾರತೀಯ ನ್ಯಾಯ ಸಂಹಿತೆಯ 105ನೇ ಸೆಕ್ಷನ್ನಿನ ಪ್ರಕರಣವಾಗುತ್ತದೆ, ನರಹತ್ಯೆಯ ಆರೋಪ. ಲೈನಿನಿಂದ ನೇರ ತಂತಿ ಎಳೆದದ್ದಕ್ಕೆ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಬೇರೆ. ಸೌರ ಬೇಲಿ ಬೇರೆಯೇ ವಿಷಯ. ಅದರ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುತ್ತದೆ, ಜೀವ ತೆಗೆಯುವುದಿಲ್ಲ. ಅದಕ್ಕೂ ಲೈನ್ ಕರೆಂಟು ನೇರವಾಗಿ ಸೇರಿಸಿದರೆ ಕೊಲ್ಲುವ ಬೇಲಿಯೇ ಆಗುತ್ತದೆ.

ಕದ್ದ ಮಾಲು ಮಾರಲಾಗದಂತೆ ಮಾಡುವುದೂ ಒಂದು ಕಾವಲು. ಮೋಟಾರಿನ ಕಂಪನಿ ಫಲಕವನ್ನು ನಾಲ್ಕು ಮೊಳೆ ಕಿತ್ತು ತೆಗೆಯಬಹುದು, ಆದ್ದರಿಂದ ಫಲಕದ ನಂಬರನ್ನು ನಂಬಿ ಕೂರಬೇಡಿ. ನಿಮ್ಮ ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರನ್ನು ಪಂಪಿನ ಬಟ್ಟಲಿನ ಮೇಲೆ, ಸ್ಟಾರ್ಟರಿನ ಒಳಗಿನ ತಗಡಿನ ಮೇಲೆ, ಗೇಟ್ ವಾಲ್ವಿನ ಮೇಲೆ ಅಕ್ಷರದ ಪಂಚಿನಿಂದ ಹೊಡೆಸಿ ಅಥವಾ ಕೊರೆಸಿ. ಮೋಟಾರು ಇಳಿಸುವ ಮೊದಲೇ ಮಾಡಿಸಬೇಕು. ಹೆಸರಿನ ಮೊದಲಕ್ಷರಗಳಿಗಿಂತ ಇದು ಮೇಲು, ಏಕೆಂದರೆ ಆ ನಂಬರು ಹಿಡಿದು ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ಕೇಳಿದರೆ ಮಾಲೀಕ ಯಾರೆಂದು ತಿಳಿಯುತ್ತದೆ. ವೈಂಡಿಂಗ್ ಅಂಗಡಿಯವರಾದ ನಾವೂ ಅಂಥ ಗುರುತು ಉಜ್ಜಿ ತಂದ ಮೋಟಾರನ್ನು ಮುಟ್ಟಬಾರದು. ಕದ್ದದ್ದೆಂದು ಗೊತ್ತಿದ್ದು ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನ ಅಪರಾಧ ಎಂಬುದನ್ನು ಗುಜರಿಯವರಿಗೆ ಬೀಟ್ ಪೊಲೀಸರು ಊರಿನವರ ಮುಂದೆಯೇ ಹೇಳುವಂತೆ ಒಂದು ಸಭೆ ಮಾಡಿಸಿ.

ಹಾಗೆಂದು ಊರಿಗೆ ಬಂದ ಹೊಸಬರನ್ನೆಲ್ಲ, ತೋಟದ ಆಳುಗಳನ್ನೆಲ್ಲ ಕಳ್ಳರೆಂದು ಹಿಡಿದು ಕೂರಿಸುವುದು ತಪ್ಪು. ಬಡವನೆಂಬ ಒಂದೇ ಕಾರಣಕ್ಕೆ ಹೊಡೆತ ತಿಂದ ಕೂಲಿಕಾರನನ್ನು ನೋಡಿದ್ದೇನೆ, ಕಳ್ಳ ಬೇರೆ ಊರಿನಲ್ಲಿ ಸಿಕ್ಕಿದ. ಗಾಡಿಯ ನಂಬರು ಬರೆದುಕೊಳ್ಳಿ, 112ಕ್ಕೆ ಕರೆ ಮಾಡಿ, ಕೈಮಾಡಬೇಡಿ.

ಕಳುವಾದ ಬೆಳಗ್ಗೆ ಮೊದಲ ಕೆಲಸ ಠಾಣೆಗೆ ಓಡುವುದಲ್ಲ. ಸ್ಟಾರ್ಟರ್ ತಾನಾಗಿಯೇ ಚಾಲೂ ಆಗುವ ಆಟೋ ಸ್ಥಿತಿಯಲ್ಲಿದ್ದರೆ ತ್ರೀ ಫೇಸ್ ಬಂದ ಕ್ಷಣ ಕತ್ತರಿಸಿದ ತುದಿಗೆ ಕರೆಂಟು ಬರುತ್ತದೆ, ಆ ತುದಿ ಹಸಿ ಹುಲ್ಲಿನಲ್ಲಿ ಬಿದ್ದಿರುತ್ತದೆ. ಮೊದಲು ಸ್ಟಾರ್ಟರಿನ ಹಿಂದಿನ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕಂಬದಿಂದ ಬರುವ ಸರ್ವಿಸ್ ವೈರೇ ಹೋಗಿದ್ದರೆ, ಅಥವಾ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಎಣ್ಣೆ, ಸುರುಳಿ ಕಳುವಾಗಿದ್ದರೆ, ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಟಿಸಿ ವಿದ್ಯುತ್ ಕಂಪನಿಯ ಆಸ್ತಿ, ಅದರ ದೂರನ್ನು ಅವರೇ ಕೊಡಬೇಕು. ಆಮೇಲೆ ಏನನ್ನೂ ಸರಿಪಡಿಸುವ ಮುನ್ನ ಎರಡೂ ತುದಿ, ಹೆಜ್ಜೆ, ಗಾಡಿ ಚಕ್ರದ ಗುರುತಿನ ಫೋಟೋ ತೆಗೆದುಕೊಳ್ಳಿ.

ದೂರಿನಲ್ಲಿ ಬೆಲೆ ಬರೆಯುವಾಗ ಬಹಳ ರೈತರು ಸಂಕೋಚಪಟ್ಟು "ಹಳೇ ಕೇಬಲ್ಲು, ಎರಡು ಮೂರು ಸಾವಿರ" ಎಂದುಬಿಡುತ್ತಾರೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. ಊಹೆಯ ಮೊತ್ತ ಬೇಡ. ಎಷ್ಟು ಮೀಟರ್, ಯಾವ ಗಾತ್ರ, ಯಾವ ಕಂಪನಿ ಎಂದು ಬರೆದು ಬಿಲ್ಲಿನ ಪ್ರತಿ ಲಗತ್ತಿಸಿ. ಬಿಲ್ಲು ಕಳೆದಿದ್ದರೆ ಅಂಗಡಿಯಿಂದ ಈಗಿನ ದರಪಟ್ಟಿ ತನ್ನಿ. ಶೆಡ್ಡಿನ ಬಾಗಿಲು ಮುರಿದು ಒಳಗಿನಿಂದ ಒಯ್ದಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಬಯಲಿನ ಕಳವಿಗೆ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿನಡಿ 3 ವರ್ಷದವರೆಗೆ ಶಿಕ್ಷೆಯಾದರೆ, ಸ್ವತ್ತು ಇಡಲು ಬಳಸುವ ಕಟ್ಟಡದೊಳಗಿನ ಕಳವಿಗೆ 305ರ ಅಡಿ 7 ವರ್ಷದವರೆಗೆ ಇದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ.

ಆ ಪ್ರತಿ ವಿಮೆಗೂ ಬೇಕು. ಸರ್ಕಾರಿ ವಲಯದ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕೃಷಿ ಪಂಪ್‌ಸೆಟ್ಟಿಗೆಂದೇ ಪಾಲಿಸಿಗಳಿವೆ, ಬೆಂಕಿ ಮತ್ತು ಸಿಡಿಲಿನ ಜೊತೆಗೆ ಕಳವೂ ಅದರಲ್ಲಿ ಸೇರುತ್ತದೆ. ಮಾಡಿಸುವಾಗ ಏಜೆಂಟರಿಗೆ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಕೇಬಲ್ಲೊಂದೇ ಹೋದರೂ ಪರಿಹಾರ ಸಿಗುತ್ತದೆಯೇ, ಬಾಗಿಲು ಮುರಿಯದೆ ಬಯಲಿನಿಂದ ಒಯ್ದರೆ ಅದನ್ನು ಕಳವೆಂದು ಒಪ್ಪುತ್ತೀರಾ?