ಊರೇ ದೂರವಿಟ್ಟ ಜಡ್ಜ್

1946ರ ಫೆಬ್ರವರಿ. ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಅಮೆರಿಕದ ಸೇನೆಯಿಂದ ಬಿಡುಗಡೆಯಾಗಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಮೈಮೇಲಿನ ಸಮವಸ್ತ್ರ ಇನ್ನೂ ಬಿಚ್ಚಿರಲಿಲ್ಲ. ಸೌತ್ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಪೊಲೀಸ್ ಮುಖ್ಯಸ್ಥ ಹೊಡೆದ ಏಟಿಗೆ ಅವನ ಎರಡೂ ಕಣ್ಣು ಹೋದವು. ಕೇಸ್ ಕೋರ್ಟಿಗೆ ಬಂತು. ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ನಾಗರಿಕರ ತಂಡ, ಅಂದರೆ ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಅರ್ಧ ಗಂಟೆಯೊಳಗೆ ಪೊಲೀಸನನ್ನು ಬಿಟ್ಟುಬಿಟ್ಟರು.

ಆ ಕೇಸಿನ ವಿಚಾರಣೆ ನಡೆಸಿದ ಫೆಡರಲ್ (ಕೇಂದ್ರ ಸರ್ಕಾರದ ಕೋರ್ಟಿನ) ಜಡ್ಜ್ ಜೆ. ವೇಟೀಸ್ ವೇರಿಂಗ್. ಹುಟ್ಟಿದ್ದು 1880ರಲ್ಲಿ, ಅದೇ ರಾಜ್ಯದ ಚಾರ್ಲ್ಸ್‌ಟನ್‌ನ ಹಳೆಯ ಬಿಳಿಯರ ಮನೆತನದಲ್ಲಿ. ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಪರ ಹೋರಾಡಿದವರು. 1942ರಲ್ಲಿ ವೇರಿಂಗ್ ಅವರನ್ನು ಅಧ್ಯಕ್ಷ ರೂಸ್‌ವೆಲ್ಟ್ ಜಡ್ಜ್ ಮಾಡಿದರು. ವುಡರ್ಡ್ ಕೇಸ್ ಅವರನ್ನು ಒಳಗಿಂದ ಅಲುಗಾಡಿಸಿತು. ಪತ್ನಿ ಎಲಿಜಬೆತ್ ಜೊತೆ ಕೂತು ಜನಾಂಗಭೇದದ ಬಗ್ಗೆ ಓದತೊಡಗಿದರು. ಮರುವರ್ಷವೇ, ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಕಪ್ಪು ಜನರಿಗೂ ಮತ ಹಾಕುವ ಹಕ್ಕಿದೆ ಎಂದು ತೀರ್ಪು ಕೊಟ್ಟರು.

ಆದರೆ ದೊಡ್ಡ ಕೇಸ್ ಬಂದದ್ದು ಆಮೇಲೆ. ಸೌತ್ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯ (ಜಿಲ್ಲೆಯ) ಕಪ್ಪು ಪೋಷಕರು ಮೊದಲು ಕೇಳಿದ್ದು ಒಂದು ಸ್ಕೂಲ್ ಬಸ್, ಅಷ್ಟೇ. ಬಿಳಿಯರ ಮಕ್ಕಳಿಗೆ ಬಸ್ಸಿತ್ತು, ಇವರ ಮಕ್ಕಳಿಗೆ ಇರಲಿಲ್ಲ. ವಕೀಲ ತರ್ಗುಡ್ ಮಾರ್ಷಲ್ ಸಮಾನ ಸೌಲಭ್ಯ ಕೇಳಿ ಕೇಸ್ ಹಾಕಿದರು. ಸೌಲಭ್ಯ ಬಿಡಿ, ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವ ಕಾನೂನನ್ನೇ ಪ್ರಶ್ನಿಸಿ ಎಂದರು ವೇರಿಂಗ್. ಜಡ್ಜ್ ವಕೀಲರಿಗೆ ಹೀಗೆ ಹೇಳಬಹುದಾ? ಆ ಪ್ರಶ್ನೆ ನನಗೂ ಇದೆ. ಆದರೂ ಅವರ ಲೆಕ್ಕ ಸರಿಯಿತ್ತು. ಆಗ ರಾಜ್ಯದ ಕಾನೂನನ್ನೇ ಪ್ರಶ್ನಿಸಿದರೆ ಮೂವರು ಜಡ್ಜ್‌ಗಳ ಪೀಠ ಕೂರಬೇಕಿತ್ತು, ಅಲ್ಲಿಂದ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತಿತ್ತು.

1951ರಲ್ಲಿ ಪೋಷಕರು ಎರಡಕ್ಕೆ ಒಂದರಿಂದ ಸೋತರು. ಆ ಒಂದು ವೇರಿಂಗ್ ಅವರದು: ಬೇರೆ ಮಾಡುವುದೇ ಅಸಮಾನತೆ ಎಂದು ಅವರು ಬರೆದರು. 1954ರಲ್ಲಿ, ಈ ಕೇಸೂ ಸೇರಿದ್ದ ಬ್ರೌನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಅದೇ ಮಾತಿಗೆ ಬಂದರು.

ಫೆಡರಲ್ ಜಡ್ಜ್ ಹುದ್ದೆ ಜೀವನಪೂರ್ತಿ. ಮತದಾರರು ಅವರನ್ನು ಇಳಿಸುವ ಹಾಗಿಲ್ಲ. ಆದರೆ ನೆರೆಹೊರೆಯವರು ಮಾತು ಬಿಟ್ಟರೆ ಯಾವ ಸಂವಿಧಾನ ಕಾಯುತ್ತದೆ? 1950ರಲ್ಲಿ ಅವರ ಮನೆ ಮುಂದೆ ಬೆದರಿಕೆಯ ಗುರುತಾಗಿ ಶಿಲುಬೆ ಸುಟ್ಟರು, ಮನೆಯ ಮೇಲೆ ಕಾಂಕ್ರೀಟ್ ತುಂಡು ಎಸೆದರು. 1952ರಲ್ಲಿ ನಿವೃತ್ತರಾಗಿ ದಂಪತಿ ನ್ಯೂಯಾರ್ಕ್‌ಗೆ ಹೋದರು.

1968ರಲ್ಲಿ ತೀರಿಕೊಂಡ ಮೇಲೆ ಅವರನ್ನು ಚಾರ್ಲ್ಸ್‌ಟನ್‌ಗೇ ತಂದು ಮಣ್ಣು ಮಾಡಿದರು. ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಬಿಳಿಯರು ಬೆರಳೆಣಿಕೆಯಷ್ಟು. ಅಲ್ಲಿನ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಅವರ ಹೆಸರು ಬಂದದ್ದು 2015ರಲ್ಲಿ.